ಪೆನ್ಸಿಲ್ ಹಿಡಿಯದ ಕೈಗೆ ಪಂಚಭುಜ

ವಯಸ್ಸಾದವರಿಗೆ ಮರೆವಿನ ಕಾಯಿಲೆ ಶುರುವಾಗಿದೆಯಾ ಅಂತ ನೋಡೋಕೆ ಕೆಲವು ಪರೀಕ್ಷೆಗಳಿವೆ. ಅವನ್ನು ಮಾಡುವುದೇ ನನ್ನ ಕೆಲಸ.

ಕೆಲವು ವರ್ಷದ ಹಿಂದೆ ಒಬ್ಬ ಅಜ್ಜಿಯ ಮುಂದೆ ಹಾಳೆ ಇಟ್ಟು, ಒಂದಕ್ಕೊಂದು ಸೇರಿಕೊಂಡ ಎರಡು ಪಂಚಭುಜಗಳನ್ನು ತೋರಿಸಿ, "ಇದನ್ನ ನೋಡಿಕೊಂಡು ಬರೀರಿ ಅಜ್ಜಿ" ಅಂದೆ. ಅವರು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದರು. ಒಂದು ಗೆರೆ ಎಳೆದು, ನಿಲ್ಲಿಸಿ, ನನ್ನ ಮುಖ ನೋಡಿದರು. "ಇದನ್ನ ಹಿಡಿದಿದ್ದೇ ಇವತ್ತು ಕಣಮ್ಮ" ಅಂದರು. ನಿಯಮದ ಪ್ರಕಾರ ಸೊನ್ನೆ ಹಾಕಬೇಕು. ಹಾಕಿದೆ. ಅದಕ್ಕೂ ಸ್ವಲ್ಪ ಮುಂಚೆ, ನೆನಪಿಟ್ಟುಕೊಳ್ಳಿ ಅಂತ ಕೊಟ್ಟಿದ್ದ ಮೂರು ಪದಗಳನ್ನು ಅದೇ ಅಜ್ಜಿ ಒಂದೂ ಬಿಡದೆ ಹೇಳಿದ್ದರು. ಆ ಸೊನ್ನೆ ಇವತ್ತಿಗೂ ನನಗೆ ಚುಚ್ಚುತ್ತದೆ.

ಆ ಪರೀಕ್ಷೆಯ ಹೆಸರು ಎಂಎಂಎಸ್‌ಇ. 1975ರಲ್ಲಿ ಅಮೆರಿಕದಲ್ಲಿ ಬಂದದ್ದು. ಒಟ್ಟು 30 ಅಂಕ. 24ಕ್ಕಿಂತ ಕಡಿಮೆ ಬಂದರೆ ಅನುಮಾನ ಅನ್ನುವುದು ವಾಡಿಕೆ. ಈಗ ಲೆಕ್ಕ ನೋಡಿ. 100ರಿಂದ ಏಳೇಳು ಕಳೆಯುತ್ತಾ ಹೋಗುವುದಕ್ಕೆ 5 ಅಂಕ. ಬರೆದಿದ್ದನ್ನು ಓದಿ ಅದರಂತೆ ಮಾಡುವುದಕ್ಕೆ 1, ಒಂದು ವಾಕ್ಯ ಬರೆಯುವುದಕ್ಕೆ 1, ಪಂಚಭುಜಕ್ಕೆ 1. ಶಾಲೆಯ ಮೆಟ್ಟಿಲೇ ಹತ್ತದ ಒಬ್ಬರು ಈ ಎಂಟನ್ನೂ ಕಳೆದುಕೊಂಡರೆ, ಉಳಿದಿದ್ದೆಲ್ಲ ಸರಿಯಾಗಿ ಹೇಳಿದರೂ 22. ಕಾಯಿಲೆಯೇ ಇಲ್ಲದೆ ಅನುಮಾನದ ಪಟ್ಟಿಗೆ ಬಿದ್ದಂತಾಯಿತು, ಅಲ್ವಾ?

2005ರಲ್ಲಿ ಕೆನಡಾದಿಂದ ಬಂದ ಮೋಕಾ ಪರೀಕ್ಷೆಯಲ್ಲಿ 12 ವರ್ಷ ಅಥವಾ ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ಅಂಕ ಜಾಸ್ತಿ ಕೊಡುತ್ತಾರೆ. ಆದರೆ 12 ವರ್ಷ ಓದಿದವರಿಗೂ ಒಂದು ದಿನವೂ ಓದದವರಿಗೂ ಅದೇ ಒಂದು ಅಂಕ.

ಭಾಷೆ ಬದಲಾಯಿಸಿದರೆ ಸಾಕು ಅಂದುಕೊಳ್ಳುವವರು ತುಂಬಾ ಜನ. ಏಳೇಳು ಕಳೆಯುವ ಬದಲು ಇಂಗ್ಲಿಷಿನಲ್ಲಿ 'ವರ್ಲ್ಡ್' ಪದವನ್ನು ಹಿಂದಿನಿಂದ ಹೇಳಿಸುವುದೂ ಉಂಟು. ಐದು ಅಕ್ಷರ, ಐದು ಅಂಕ. ಅದನ್ನು ಕನ್ನಡಕ್ಕೆ ತಂದು 'ಪ್ರಪಂಚ' ಅಂತ ಮಾಡಿದರೆ? ಪ್ರ, ಪಂ, ಚ. ಮೂರೇ. ಒತ್ತಕ್ಷರವನ್ನು ಬಿಡಿಸಿ ಹೇಳಬೇಕಾ? 'ಪಂ' ಪಕ್ಕದ ಸೊನ್ನೆ ಎಲ್ಲಿಗೆ ಹೋಗಬೇಕು? ಓದು ಬಲ್ಲ ನನಗೇ ಗೊಂದಲವಾಗುತ್ತದೆ. ಅಂಕಿಗಳನ್ನು ಕೇಳಿಸಿಕೊಂಡು ತಿರುಗಿ ಹೇಳುವ ಪರೀಕ್ಷೆಯೂ ಹಾಗೇ. ಬ್ರಿಟನ್ನಿನ ವೇಲ್ಸ್‌ನಲ್ಲಿ ಆಡುವ ವೆಲ್ಷ್ ಭಾಷೆಯ ಅಂಕಿಗಳನ್ನು ಉಚ್ಚರಿಸಲು ಇಂಗ್ಲಿಷಿಗಿಂತ ಜಾಸ್ತಿ ಹೊತ್ತು ಬೇಕು. ಅದಕ್ಕೇ ಎರಡೂ ಭಾಷೆ ಬಲ್ಲವರು ವೆಲ್ಷ್‌ನಲ್ಲಿ ಕಡಿಮೆ ಅಂಕಿ ನೆನಪಿಡುತ್ತಾರೆ ಅಂತ 1980ರಲ್ಲೇ ತೋರಿಸಿದ್ದಾರೆ. ತಲೆ ಅದೇ, ಭಾಷೆ ಬೇರೆ, ಅಂಕ ಬೇರೆ.

ಸರಿಯಾಗಿ ಮಾಡಿದವರೂ ಇದ್ದಾರೆ. ಹರಿಯಾಣದ ಬಲ್ಲಬ್‌ಗಢದ ಹಳ್ಳಿಗಳಲ್ಲಿ ಓದು ಬಾರದ ಹಿರಿಯರಿಗಾಗಿ ಹಿಂದಿ ಪರೀಕ್ಷೆಯೊಂದನ್ನು ರೂಪಿಸಿ 1995ರಲ್ಲಿ ಪ್ರಕಟಿಸಿದರು. ಅಲ್ಲಿ ಏಳೇಳು ಕಳೆಯುವ ಬದಲು ವಾರದ ದಿನಗಳನ್ನು ಹಿಂದಿನಿಂದ ಹೇಳಬೇಕು. 'ಕಣ್ಣು ಮುಚ್ಚಿ' ಅಂತ ಬರೆದ ಚೀಟಿ ಓದಿಸುವ ಬದಲು, ಪರೀಕ್ಷೆ ಮಾಡುವವರೇ ಕಣ್ಣು ಮುಚ್ಚಿ ತೋರಿಸುತ್ತಾರೆ, ಎದುರಿಗಿರುವವರು ಹಾಗೇ ಮಾಡಬೇಕು. ನನಗೆ ತುಂಬಾ ಇಷ್ಟವಾದ ಬದಲಾವಣೆ ಇದು. 2004ರಲ್ಲಿ ಸಿಡ್ನಿಯಿಂದ ಬಂದ ರೂಡಾಸ್ ಅನ್ನುವ ಪರೀಕ್ಷೆ ಬೇರೆ ಬೇರೆ ಭಾಷೆಯ ವಲಸಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದ್ದು. ವಾಹನ ಜಾಸ್ತಿ ಇರುವ ರಸ್ತೆಯನ್ನು ಹೇಗೆ ದಾಟುತ್ತೀರಿ ಅಂತ ಅದರಲ್ಲಿ ಕೇಳುತ್ತಾರೆ.

ಹಾಗಂತ ಓದದವರಿಗೆ ಪಾಸು ಅಂಕವನ್ನು ಸುಮ್ನೆ ಇಳಿಸಿಬಿಟ್ಟರೆ ಆಗುವುದಿಲ್ಲ. ಆಗ ನಿಜವಾಗಿ ಕಾಯಿಲೆ ಇರುವವರು ಕಣ್ತಪ್ಪುತ್ತಾರೆ. ಇನ್ನೊಂದು ಕಡೆ, ತುಂಬಾ ಓದಿದವರು ಕಾಯಿಲೆ ಶುರುವಾದ ಮೇಲೂ 28 ತೆಗೆದುಕೊಂಡು ಮನೆಗೆ ಹೋಗಬಹುದು. ಪ್ರಶ್ನೆ ಬದಲಾಯಿಸಿದ ಮೇಲೆ ಆ ಜನರಲ್ಲೇ, ಆರೋಗ್ಯವಾಗಿರುವ ಹಿರಿಯರಿಗೆ ಎಷ್ಟು ಬರುತ್ತದೆ ಅಂತ ಹೊಸದಾಗಿ ಅಳೆಯಬೇಕು. ಇದಕ್ಕೆ ವರ್ಷಗಟ್ಟಲೆ ಹಿಡಿಯುತ್ತದೆ. ಹಿಡಿಯಲಿ.

ನಿಮ್ಮ ಮನೆಯ ಹಿರಿಯರನ್ನು ಇಂಥ ಪರೀಕ್ಷೆಗೆ ಕರೆದುಕೊಂಡು ಹೋದಾಗ ಎಷ್ಟು ವರ್ಷ ಶಾಲೆಗೆ ಹೋಗಿದ್ದಾರೆ, ಮನೆಯಲ್ಲಿ ಯಾವ ಭಾಷೆ ಆಡುತ್ತಾರೆ ಅಂತ ಮೊದಲೇ ಹೇಳಿ. ಕನ್ನಡಕ, ಕಿವಿ ಯಂತ್ರ ಮರೆಯಬೇಡಿ. ಒಂದು ವರ್ಷದ ಹಿಂದೆ ತಾವೇ ಮಾಡುತ್ತಿದ್ದ ಯಾವ ಕೆಲಸ ಈಗ ಅವರಿಂದ ಆಗುತ್ತಿಲ್ಲ ಅನ್ನುವುದನ್ನು ಬರೆದುಕೊಂಡು ಹೋಗಿ. ಯಾರೂ ಕೇಳದಿದ್ದರೂ ಆ ಚೀಟಿಯನ್ನು ಕೈಗೆ ಕೊಟ್ಟು ಬನ್ನಿ.