ಡಬ್ಬಿ ಮೇಲಿನ ತೋಳು

ನಿನ್ನೆ ಸಂಜೆ ಸೋದರಮಾವ ಬಂದಿದ್ದರು. ಕಾಫಿ ಲೋಟ ಇಡಲು ಅಡುಗೆಮನೆಗೆ ಹೋದವರು ಒಂದು ಡಬ್ಬಿ ಹಿಡಿದುಕೊಂಡೇ ಹೊರಗೆ ಬಂದರು. "ಅಕ್ಕಾ, ಏನಿದು? ಈ ವಯಸ್ಸಲ್ಲಿ ಸ್ಟೆರಾಯ್ಡ್ ತಗೊಳ್ತಿದ್ದೀಯಾ?" ಡಬ್ಬಿ ಮೇಲೆ ಒಬ್ಬ ತೋಳು ಉಬ್ಬಿಸಿ ನಿಂತಿದ್ದಾನೆ. ಅಷ್ಟೇ ಸಾಕಾಯ್ತು.

ಅದು ಕ್ರಿಯಾಟಿನ್ ಮಾರಾಯರೇ. ಸ್ಟೆರಾಯ್ಡೂ ಅಲ್ಲ, ಹಾರ್ಮೋನೂ ಅಲ್ಲ. ನಮ್ಮ ಲಿವರ್, ಕಿಡ್ನಿಗಳು ದಿನಾ ತಯಾರಿಸುವ ವಸ್ತು. 1832ರಲ್ಲಿ ಷೆವ್ರೂಲ್ ಎಂಬ ಫ್ರೆಂಚ್ ವಿಜ್ಞಾನಿ ಮಾಂಸದಲ್ಲಿ ಇದನ್ನು ಪತ್ತೆ ಮಾಡಿದ. ಆಗ ಈ ಜಿಮ್ಮು, ಈ ತೋಳು ಎಲ್ಲಿದ್ದವು? ಸ್ನಾಯುವಿಗೆ ಫಟ್ಟಂತ ಶಕ್ತಿ ಬೇಕಾದಾಗ ಮೊದಲ ಕೆಲವು ಸೆಕೆಂಡು ಒದಗಿಬರುವುದು ಇದೇ. ಸೋಫಾದಿಂದ ಏಳುವುದೂ ಅಂಥದ್ದೇ ಕೆಲಸ ಅಲ್ವಾ? ಹೊರಗಿನಿಂದ ಮುಖ್ಯವಾಗಿ ಮಾಂಸ, ಮೀನಿನಿಂದ ಸಿಗುತ್ತದೆ. ನಮ್ಮ ಮನೆಯೊಳಗೆ ಮೊಟ್ಟೆಯೂ ಬರಲ್ಲ. ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಇದರ ದಾಸ್ತಾನು ಕಮ್ಮಿ ಅಂತ ಅಳೆದೇ ನೋಡಿದ್ದಾರೆ.

ಅಮ್ಮನಿಗೆ 74. ಹೋದ ವರ್ಷ ಟೀಪಾಯಿ ಹಿಡಿಯದೆ ಏಳಲು ಆಗುತ್ತಿರಲಿಲ್ಲ. ಈಗ ಫಿಸಿಯೋಥೆರಪಿ ಹುಡುಗಿ ಬಂದು ಕುರ್ಚಿಯಿಂದ ಹತ್ತು ಹತ್ತು ಸಲ ಎಬ್ಬಿಸಿ ಕೂರಿಸುತ್ತಾಳೆ. ಜೊತೆಗೆ ದಿನಕ್ಕೆ 3 ಗ್ರಾಂ ಪುಡಿ. ತಣ್ಣನೆ ಮಜ್ಜಿಗೆಯಲ್ಲಿ ಸರಿಯಾಗಿ ಕರಗಲ್ಲ, ತಳದಲ್ಲಿ ಕೂರುತ್ತೆ. "ಮರಳು ಕುಡಿಸ್ತೀಯಲ್ಲೋ" ಅಂತ ಬೈಯುತ್ತಲೇ ಅಮ್ಮ ಬೆರಳಲ್ಲಿ ತಳ ಗೋರಿ ಬಾಯಿಗೆ ಹಾಕಿಕೊಳ್ಳುತ್ತಾಳೆ. ಈಗ ಟೀಪಾಯಿ ಬೇಡ. ಪುಡಿಯಿಂದಾನಾ, ಕಸರತ್ತಿನಿಂದಾನಾ? ಒಬ್ಬಳು ಅಮ್ಮನನ್ನು ನೋಡಿ ಹೇಳೋಕಾಗಲ್ಲ. ವಯಸ್ಸಾದವರ ಮೇಲೆ ನಡೆದ ಅಧ್ಯಯನಗಳಲ್ಲೂ ವ್ಯಾಯಾಮದ ಜೊತೆ ತಗೊಂಡರೆ ಸ್ವಲ್ಪ ಜಾಸ್ತಿ ಬಲ, ಸುಮ್ನೆ ಕೂತು ನುಂಗಿದರೆ ಅಷ್ಟಕ್ಕಷ್ಟೇ.

"ಕಿಡ್ನಿ ಹೋಗುತ್ತಪ್ಪಾ" ಅಂದರು ಮಾವ. ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ಮೂರು ತಿಂಗಳ ಹಿಂದೆ ಅಮ್ಮನ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ರಕ್ತದಲ್ಲಿ ನೋಡುವ ಅಂಕಿ) 1.3 ಅಂತ ಬಂದು ಪಕ್ಕದಲ್ಲಿ ನಕ್ಷತ್ರ ಬಿತ್ತು. ಕ್ರಿಯಾಟಿನ್ ಒಡೆದರೆ ಕ್ರಿಯಾಟಿನಿನ್ ಆಗುತ್ತೆ. ಹಾಗಾಗಿ ಪುಡಿ ತಿನ್ನುವವರಲ್ಲಿ ಕಿಡ್ನಿ ಚೆನ್ನಾಗಿದ್ದರೂ ಅಂಕಿ ಏರಬಹುದು. ಇದು ನನಗೆ ಗೊತ್ತಿತ್ತು. ಡಾಕ್ಟರಿಗೆ ಗೊತ್ತಾಗುವುದು ಹೇಗೆ? ಪುಡಿ ಕೊಡುತ್ತಿರುವ ವಿಷಯ ನಾನು ಹೇಳಿಯೇ ಇರಲಿಲ್ಲ. ನಾಚಿಕೆ! ನನ್ನ ಕಣ್ಣಿಗೂ ಅದೇ ತೋಳು ಕಟ್ಟಿತ್ತು. ಸಿಸ್ಟಾಟಿನ್ ಸಿ ಅಂತ ಬೇರೆ ಕಿಡ್ನಿ ಟೆಸ್ಟ್ ಮಾಡಿಸಿದರು, ಸರಿಯಾಗಿ ಬಂತು. ಆಮೇಲೆ ನನಗೆ ಚೆನ್ನಾಗಿ ಮಂಗಳಾರತಿಯೂ ಆಯ್ತು. ಕಿಡ್ನಿ ತೊಂದರೆ ಮೊದಲೇ ಇರುವವರ ಕಥೆ ಬೇರೆ, ಅವರು ಕೇಳದೆ ಮುಟ್ಟಬಾರದು.

ಹಾಗಂತ ಇದನ್ನು ಸಂಜೀವಿನಿ ಅಂತ ವಿಡಿಯೋ ಮಾಡೋ ಹುಡುಗರ ಪರ ನಾನಿಲ್ಲ. ಅಮೆರಿಕ, ಕೆನಡಾದಲ್ಲಿ 1,741 ಪಾರ್ಕಿನ್ಸನ್ ರೋಗಿಗಳ ಮೇಲೆ ದಿನಕ್ಕೆ 10 ಗ್ರಾಂ ಲೆಕ್ಕದಲ್ಲಿ ವರ್ಷಗಟ್ಟಲೆ ಪ್ರಯೋಗ ನಡೆಯಿತು. ಪ್ರಯೋಜನ ಕಾಣದೆ 2013ರಲ್ಲಿ ನಿಲ್ಲಿಸಿದರು. ಆದರೆ ಹುಟ್ಟಿನಿಂದಲೇ ಕ್ರಿಯಾಟಿನ್ ತಯಾರಿಸಲಾಗದ ಕೆಲವು ಅಪರೂಪದ ಮಕ್ಕಳಿಗೆ ಇದೇ ಔಷಧಿ. ಮಸ್ಕ್ಯುಲರ್ ಡಿಸ್ಟ್ರೋಫಿ (ಸ್ನಾಯು ಸವೆಯುತ್ತಾ ಹೋಗುವ ಕಾಯಿಲೆ) ಇರುವವರ ಸ್ನಾಯುಬಲ ಒಂಚೂರು ಹೆಚ್ಚಿದ್ದೂ ಇದೆ. ಇದೆಲ್ಲ ಡಬ್ಬಿ ಮೇಲೆ ಬರೆದಿರಲ್ಲ. ಅಲ್ಲಿರೋದು ತೋಳು ಮಾತ್ರ.

ಮಾವ ಹೋದ ಮೇಲೆ ಪುಡಿಯನ್ನು ಹಳೇ ಹಾರ್ಲಿಕ್ಸ್ ಬಾಟ್ಲಿಗೆ ಸುರಿದೆ. ಅಮ್ಮ ಅದರ ಮೇಲೆ ಚೀಟಿ ಅಂಟಿಸಿದ್ದಾಳೆ: "ಮರಳು".