ದೆವ್ವದ ಹೆಸರು ಕೇಳಿ ಹಳೆಯ ಸ್ಮಶಾನ ನೋಡಲು ಹೋಗಬಹುದೇ?

ಪರ: ನೆಪ ಯಾವುದಾದರೇನು, ಜನ ಬರಲಿ

ಹೂಳುವುದು ನಿಂತ ದಿನವೇ ಸ್ಮಶಾನದ ಆದಾಯ ನಿಲ್ಲುತ್ತದೆ, ಖರ್ಚು ನಿಲ್ಲುವುದಿಲ್ಲ. ಗೋರಿಯ ಸಂದಿಗೆ ಬೇರು ಇಳಿಯುತ್ತದೆ, ಗಾರೆ ಉದುರುತ್ತದೆ, ಕಾಂಪೌಂಡ್ ಬೀಳುತ್ತದೆ. ಲಂಡನ್ನಿನ ಹೈಗೇಟ್ ಸ್ಮಶಾನ ಶುರುವಾದದ್ದು 1839ರಲ್ಲಿ. ನಡೆಸುತ್ತಿದ್ದ ಕಂಪನಿಯ ಹಣ ಬತ್ತಿದ ಮೇಲೆ ಒಳಗೆಲ್ಲ ಕಾಡು ಬೆಳೆಯಿತು. 1975ರಲ್ಲಿ ಸ್ವಯಂಸೇವಕರ ಸಂಘವೊಂದು ಹುಟ್ಟಿ ಅದನ್ನು ಕೈಗೆತ್ತಿಕೊಂಡಿತು. ಈಗ ಟಿಕೆಟ್ಟಿನ ಹಣ ದುರಸ್ತಿಗೆ ಹೋಗುತ್ತದೆ. ಕಾರ್ಲ್ ಮಾರ್ಕ್ಸ್ ಸಮಾಧಿ ನೋಡಲು ಬಂದವರೂ ರಕ್ತಪಿಶಾಚಿಯ ಕಥೆ ಕೇಳಿ ಬಂದವರೂ ಹಾಕುವ ದುಡ್ಡು ಒಂದೇ ಗಲ್ಲಾಪೆಟ್ಟಿಗೆಗೆ ಬೀಳುತ್ತದೆ.

ದೆವ್ವದ ಕಥೆಯ ಬೆನ್ನಿಗೆ ಚರಿತ್ರೆಯೂ ಬರುತ್ತದೆ. ಸ್ಕಾಟ್ಲೆಂಡಿನ ಎಡಿನ್‌ಬರೋದ ಗ್ರೇಫ್ರೈಯರ್ಸ್ ಸ್ಮಶಾನದಲ್ಲಿ ಕಾಡುವುದು ಜಾರ್ಜ್ ಮೆಕೆಂಜಿಯ ಪ್ರೇತವೆಂದು ಪ್ರತೀತಿ. ಯಾರೀತ? ಚರ್ಚಿನ ವಿಷಯದಲ್ಲಿ ರಾಜ ಕೈಹಾಕುವುದನ್ನು ಒಪ್ಪದ ಕವನಂಟರ್ ಪಂಥದವರ ಮೇಲೆ ಮೊಕದ್ದಮೆ ಹೂಡಿದ ಸರ್ಕಾರಿ ವಕೀಲ, ಸತ್ತದ್ದು 1691ರಲ್ಲಿ. 1679ರ ಯುದ್ಧದಲ್ಲಿ ಸೆರೆಸಿಕ್ಕ ಆ ಪಂಥದ ಸಾವಿರಕ್ಕೂ ಹೆಚ್ಚು ಜನರನ್ನು ಕೂಡಿಹಾಕಿದ್ದ ಬಯಲು ಅವನ ಗೋರಿಯ ಹತ್ತಿರದಲ್ಲೇ ಇದೆ. ಅಲ್ಲಿ ಉಳಿದಿರುವ ಭಾಗಕ್ಕೆ ಬೀಗ. ಗೈಡ್ ಜೊತೆಗೆ ಹೋದವರಿಗೆ ಮಾತ್ರ ಪ್ರವೇಶ. ಮೈ ಜುಮ್ಮೆನ್ನಲಿ ಎಂದು ಬಂದವನ ಕಿವಿಗೆ ಆ ಸೆರೆಯಾಳುಗಳ ಸಂಗತಿಯೂ ಬೀಳುತ್ತದೆ. ಸುಮ್ಮನೆ ಫಲಕ ನೆಟ್ಟಿದ್ದರೆ ಎಷ್ಟು ಜನ ನಿಂತು ಓದುತ್ತಿದ್ದರು?

ಅನುಮತಿಯಿದ್ದರೆ ರಾತ್ರಿ ಹೋಗುವುದರಲ್ಲೇ ಒಂದು ಲಾಭವಿದೆ. ಸವೆದ ಅಕ್ಷರಗಳು ನೇರ ಬೆಳಕಿಗೆ ಕಾಣುವುದಿಲ್ಲ. ಟಾರ್ಚನ್ನು ಕಲ್ಲಿನ ಅಂಚಿನ ಪಕ್ಕಕ್ಕೆ ತಂದು, ಬೆಳಕು ಕಲ್ಲಿನ ಮೈಯನ್ನು ಸವರಿಕೊಂಡು ಹೋಗುವಂತೆ ಹಿಡಿಯಿರಿ. ಅಕ್ಷರದ ಗುಳಿಗಳಲ್ಲಿ ನೆರಳು ತುಂಬಿ ಹೆಸರು, ಇಸವಿ ಎದ್ದು ಬರುತ್ತವೆ. ಮೊದಲು ಎಡದಿಂದ, ಆಮೇಲೆ ಮೇಲಿನಿಂದ ಬೆಳಕು ಬಿಟ್ಟು ಒಂದೊಂದು ಫೋಟೋ ತೆಗೆದರೆ ಒಂದರಲ್ಲಿ ಕಾಣದ್ದು ಇನ್ನೊಂದರಲ್ಲಿ ಸಿಗುತ್ತದೆ. ಕಲ್ಲನ್ನು ಮುಟ್ಟುವ ಅಗತ್ಯವೇ ಇಲ್ಲ. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು, ಮೊಬೈಲಿನ ಬಿಳಿ ಬೆಳಕು ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ. ಹಾಗಾಗಿ ನಡೆಯುವಾಗ ಮಂದ ಕೆಂಪು ಬೆಳಕು ಸಾಕು. ಫೋಟೋದಲ್ಲಿ ತೇಲುವ ಬಿಳಿ ಉಂಡೆಗಳು ಕಂಡರೆ ಗಾಬರಿ ಬೇಡ: ಲೆನ್ಸಿನ ಹತ್ತಿರವೇ ಇರುವ ದೂಳು, ಹನಿ ಅಥವಾ ಹುಳಕ್ಕೆ ಫ್ಲ್ಯಾಶ್ ಬಡಿದು ಹಾಗಾಗುತ್ತದೆ. ಫ್ಲ್ಯಾಶ್ ಆರಿಸಿ ಮತ್ತೆ ತೆಗೆದು ನೋಡಿ.

ವಿರೋಧ: ಖ್ಯಾತಿಯ ಬೆಲೆ ತೆರುವುದು ಕಲ್ಲು

ಶಿಸ್ತಿನ ಪ್ರವಾಸಿಯ ಮೇಲೆ ತಕರಾರಿಲ್ಲ. ಆದರೆ ದೆವ್ವದ ಖ್ಯಾತಿಗೆ ಶಿಸ್ತಿನವರನ್ನು ಮಾತ್ರ ಆರಿಸಿ ಕರೆತರುವ ಶಕ್ತಿಯಿಲ್ಲ. ಮೇಲೆ ಹೊಗಳಿದ ಹೈಗೇಟಿನಲ್ಲೇ 1970ರ ಮಾರ್ಚ್ 13ರ ಶುಕ್ರವಾರ, ಟಿ.ವಿ.ಯಲ್ಲಿ ರಕ್ತಪಿಶಾಚಿಯ ಸುದ್ದಿ ಬಂದ ಬೆನ್ನಿಗೆ, ಬೇಟೆಗೆಂದು ಜನ ಗೋಡೆ ಹಾರಿ ನುಗ್ಗಿದರು. ಗ್ರೇಫ್ರೈಯರ್ಸಿನಲ್ಲಿ 2003ರಲ್ಲಿ ಹುಡುಗರು ಅದೇ ಮೆಕೆಂಜಿಯ ಗೋರಿಮನೆಗೆ ನುಗ್ಗಿ ಒಂದು ಶವದ ತಲೆಯನ್ನೇ ಕಿತ್ತು ಒಯ್ದರು. ಇದು ಗಲ್ಲಾಪೆಟ್ಟಿಗೆಯ ಲೆಕ್ಕದಲ್ಲಿ ಎಲ್ಲಿ ಬರುತ್ತದೆ?

ಅಮೆರಿಕದ ನ್ಯೂ ಆರ್ಲಿಯನ್ಸಿನ ಸೇಂಟ್ ಲೂಯಿಸ್ ಸ್ಮಶಾನ ನಂ. 1, 1789ರದು. ಆಫ್ರಿಕಾ ಮೂಲದ ವೂಡೂ ಎಂಬ ಧಾರ್ಮಿಕ ಆಚರಣೆಗೆ ಹೆಸರಾಗಿ 1881ರಲ್ಲಿ ತೀರಿಕೊಂಡ ಮರೀ ಲವೋ ಎಂಬಾಕೆಯ ಸಮಾಧಿ ಎಂದು ಜನ ನಂಬುವ ಗೋರಿ ಅಲ್ಲಿದೆ. ಮೂರು ಎಕ್ಸ್ ಗೀಚಿದರೆ ಕೋರಿಕೆ ಈಡೇರುತ್ತದೆಂದು ಪ್ರವಾಸಿಗರು ಅದರ ಮೈತುಂಬ ಗೀಚಿದರು. 2013ರ ಡಿಸೆಂಬರಿನಲ್ಲಿ ಯಾರೋ ಅದಕ್ಕೆ ಗುಲಾಬಿ ಪೇಂಟ್ ಬಳಿದುಬಿಟ್ಟರು. ಪೇಂಟ್ ತಾನೇ, ತೊಳೆದರಾಯಿತು ಅನ್ನಬೇಡಿ. ಇಂಥ ಗೋರಿಗಳು ಮೆತ್ತನೆಯ ಇಟ್ಟಿಗೆಗೆ ಸುಣ್ಣದ ಗಾರೆ ಮೆತ್ತಿದವು. ನೆಲದಿಂದ ಏರಿದ ತೇವ ಗಾರೆಯ ಮೂಲಕವೇ ಆರಿಹೋಗಬೇಕು. ಪೇಂಟಿನ ಪೊರೆ ಅದನ್ನು ಒಳಗೇ ಕಟ್ಟಿಹಾಕುತ್ತದೆ. ತೇವದೊಡನೆ ಬಂದ ಉಪ್ಪು ಪೊರೆಯ ಹಿಂದೆ ಹರಳುಗಟ್ಟಿ ಗಾರೆಯನ್ನು ಹಪ್ಪಳದಂತೆ ಎಬ್ಬಿಸುತ್ತದೆ. ಜೋರು ನೀರಿನಲ್ಲಿ ತೊಳೆಯಲು ಹೋದರೆ ಗಾರೆಯ, ಇಟ್ಟಿಗೆಯ ಮೈಯೇ ಕಿತ್ತುಬರುತ್ತದೆ. 2015ರ ಮಾರ್ಚ್‌ನಿಂದ ಅಲ್ಲಿ ಪರವಾನಗಿ ಪಡೆದ ಗೈಡ್ ಇಲ್ಲದೆ ಪ್ರವಾಸಿಗೆ ಪ್ರವೇಶವಿಲ್ಲ. ಅಜ್ಜ-ಅಜ್ಜಿಯ ಗೋರಿಗೆ ಹೂವಿಡಲು ಬರುವ ಮನೆಯವರೂ ಈಗ ಪಾಸ್ ಪಡೆಯಬೇಕು. ಮೋಜು ಮಾಡಿದವರು ಒಬ್ಬರು, ದಂಡ ತೆತ್ತವರು ಇನ್ನೊಬ್ಬರು.

ಅಪಾಯದ ಮಾತು. 60 ಸೆಂ.ಮೀ. ಅಗಲ, 90 ಸೆಂ.ಮೀ. ಎತ್ತರ, 10 ಸೆಂ.ಮೀ. ದಪ್ಪದ ಗ್ರಾನೈಟ್ ಗೋರಿಕಲ್ಲು ಸುಮಾರು 140 ಕಿಲೋ ತೂಗುತ್ತದೆ. ಹಳೆಯ ಕಲ್ಲುಗಳನ್ನು ಪೀಠಕ್ಕೆ ಹಿಡಿದಿರುವುದು ಎಷ್ಟೋ ಕಡೆ ಕಬ್ಬಿಣದ ಗೂಟ. ತುಕ್ಕು ಹಿಡಿದಾಗ ಅದು ಉಬ್ಬಿ ಕಲ್ಲನ್ನೇ ಸೀಳುತ್ತದೆ. ಹೊರಗಿನಿಂದ ನೆಟ್ಟಗೆ ಕಂಡರೂ ಸೆಲ್ಫಿಗೆಂದು ಭುಜ ಆನಿಸಿದರೆ ಸಾಕು, ಉರುಳುತ್ತದೆ. ನೆಲದ ಚಪ್ಪಡಿಯ ಕೆಳಗೆ ಇಟ್ಟಿಗೆಯ ಪೊಳ್ಳು ಕೋಣೆ ಇರಬಹುದು. ಚಪ್ಪಡಿಯ ಸುತ್ತ ಮಣ್ಣು ತಗ್ಗಾಗಿದ್ದರೆ ಅದೇ ಸೂಚನೆ, ಹಗಲಿನಲ್ಲಿ ಕಣ್ಣಿಗೆ ಬೀಳುತ್ತದೆ. ರಾತ್ರಿ ಮಂದ ಕೆಂಪು ಬೆಳಕಿನಲ್ಲಿ, ಗೈಡಿನ ಕಥೆಗೆ ಕಿವಿಗೊಟ್ಟು ನಡೆಯುವವನಿಗೆ ಕಾಣುವುದಿಲ್ಲ.

ಇನ್ನು ಅಕ್ಷರ ಓದಲು ರಾತ್ರಿಯೇ ಬೇಕೆಂಬ ವಾದ ನಿಲ್ಲುವುದಿಲ್ಲ. ಮೊಣಕೈ ಉದ್ದದ ಕನ್ನಡಿಯೊಂದಿದ್ದರೆ ಬಿಸಿಲನ್ನು ಹಿಡಿದು ನೆರಳಲ್ಲಿರುವ ಕಲ್ಲಿನ ಮೇಲೆ ಓರೆಯಾಗಿ ಹಾಯಿಸಬಹುದು. ಒಬ್ಬರು ಕನ್ನಡಿ ಹಿಡಿದರೆ ಇನ್ನೊಬ್ಬರು ಓದಿ ಬರೆದುಕೊಳ್ಳಬಹುದು, ಅದೂ ಗೇಟು ತೆರೆದಿರುವ ಹೊತ್ತಿನಲ್ಲಿ.