ಮಡ್ಡಿ ಕೆಡವಿ ಬಂಡೆ ಕಟ್ಟಿದ ಕಥೆ

ಹೋದ ಭಾನುವಾರ ಸೋದರಮಾವನ ಜೊತೆ ಧಾರವಾಡ ಬೈಪಾಸ್ ಕಡೆ ಸೈಟ್ ನೋಡಲು ಹೋಗಿದ್ದೆ. ಹೊಸ ಲೇಔಟು. ಹೆಸರು ಬೇಡ ಬಿಡಿ. ಕಮಾನಿನ ಮೇಲೆ ಇಂಗ್ಲಿಷಿನಲ್ಲಿ ಆಳೆತ್ತರದ ಅಕ್ಷರ: ಗಾಲ್ಫ್ ಥೀಮ್ ಲೇಔಟ್. ಕೆಳಗೆ ಇನ್ನೊಂದು ಸಣ್ಣ ಬೋರ್ಡು, ಅದು ಮಾತ್ರ ಅಚ್ಚ ಕನ್ನಡದಲ್ಲಿದೆ: ದನ, ಕುರಿ ಬಿಡಬಾರದು.

ಜಾಗ ನನಗೆ ಹೊಸದಲ್ಲ. ಕೆಲವು ವರ್ಷಗಳ ಹಿಂದೆ ಇದೆಲ್ಲ ಮಡ್ಡಿ. ಕೆಂಪು ಮಣ್ಣು, ಅಲ್ಲಲ್ಲಿ ಎದ್ದು ನಿಂತ ಬಂಡೆ. ಕುರಿ ಕಾಯುವವರು ಬಂಡೆ ನೆರಳಿಗೆ ಕೂತು ರೊಟ್ಟಿ ಗಂಟು ಬಿಚ್ಚುತ್ತಿದ್ದರು. ಮಳೆ ಬಂದರೆ ನೀರು ತನ್ನ ಪಾಡಿಗೆ ಇಳಿದು ಹಳ್ಳ ಸೇರುತ್ತಿತ್ತು. ಆಮೇಲೆ ಜೆಸಿಬಿ ಬಂತು, ಬಂಡೆ ಒಡೆದರು, ಟಿಪ್ಪರ್ ತುಂಬಿ ಕ್ರಷರಿಗೆ ಕಳಿಸಿದರು. ಇಡೀ ಮಡ್ಡಿ ಕೇರಂ ಬೋರ್ಡಿನ ಹಾಗೆ ಸಪಾಟಾಯಿತು. ಅಷ್ಟಾದ ಮೇಲೆ ಡಿಸೈನ್ ಮಾಡುವವರು ಬಂದು ನೋಡಿ ಹೇಳಿದರಂತೆ, ಬಹಳ ಫ್ಲಾಟ್ ಆಯ್ತು, ಒಂದೆರಡು ಇಳಿಜಾರು, ನಾಲ್ಕು ಬಂಡೆ ಇದ್ದರೆ ಲುಕ್ ಬರುತ್ತೆ ಅಂತ.

ಹಾಗಾಗಿ ಬಂಡೆ ಕಟ್ಟಿಸಿದ್ದಾರೆ. ಹೌದು, ಕಟ್ಟಿಸಿದ್ದಾರೆ, ಗೌಂಡಿ ಕರೆಸಿ. ಕಬ್ಬಿಣದ ಸರಳು, ಅದಕ್ಕೆ ಜಾಳಿಗೆ, ಮೇಲೆ ಸಿಮೆಂಟು, ಅದರ ಮೇಲೆ ಕಂದು ಬಣ್ಣ. ಮಾವ ಹೋಗಿ ಬೆರಳಿನಿಂದ ಬಡಿದ. ಡಬ್ ಡಬ್ ಅಂತು. ಒಂದು ಮೂಲೆಯಲ್ಲಿ ಸಿಮೆಂಟು ಉದುರಿ ಜಾಳಿಗೆ ಹೊರಗೆ ಕಾಣುತ್ತಿತ್ತು, ಒಳಗೆ ಯಾರೋ ಗುಟ್ಕಾ ಚೀಟಿ ತುರುಕಿದ್ದರು.

"ತಮ್ಮಾ, ಈ ಕಲ್ಲು ಟೊಳ್ಳ ಐತಲ್ಲೋ" ಅಂದ ಮಾವ.

"ನ್ಯಾಚುರಲ್ ಲುಕ್ ರೀ ಅಂಕಲ್" ಅಂದ ಸೈಟ್ ತೋರಿಸುವ ಹುಡುಗ.

ಹುಡುಗನ ಮಾತಿನಲ್ಲಿ ಪೂರ್ತಿ ಸುಳ್ಳಿಲ್ಲ ನೋಡಿ. ಅಮೆರಿಕದ ಅಗಸ್ಟಾ ಗಾಲ್ಫ್ ಮೈದಾನ ಮಾಡಿದವರಲ್ಲಿ ಒಬ್ಬ ಅಲಿಸ್ಟರ್ ಮೆಕೆಂಜಿ, ಡಾಕ್ಟರಿಕೆ ಓದಿದವನು. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಶತ್ರುಗಳು ನೆಲದಲ್ಲೇ ನೆಲವಾಗಿ ಅಡಗುವುದನ್ನು ನೋಡಿ, ಮೈದಾನದಲ್ಲಿ ಮನುಷ್ಯ ಮಾಡಿದ್ದೂ ದೇವರು ಮಾಡಿದ ಹಾಗೇ ಕಾಣಬೇಕು ಅಂತ ಹಟ ಹಿಡಿದ. ಆದರೆ ಅವನು ಮೊದಲು ಇದ್ದ ಏರು-ತಗ್ಗನ್ನು ಓದುತ್ತಿದ್ದ. ನಮ್ಮವರು ಮೊದಲು ಅಳಿಸುತ್ತಾರೆ, ಆಮೇಲೆ ನೆನಪಿನಿಂದ ಬರೆಯುತ್ತಾರೆ.

ಇನ್ನು ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್. ಒಂದು ಸುತ್ತಿನ ಆಟಕ್ಕೆ ಚೆಂಡು ಬೀಳಿಸುವ 18 ಕುಳಿಯ ಲೆಕ್ಕ ಶುರುವಾಗಿದ್ದೇ 1764ರಲ್ಲಿ ಅಲ್ಲಿ, ಅದಕ್ಕೂ ಮೊದಲು 22 ಇತ್ತು. ಆ ಮೈದಾನಕ್ಕೆ ಮೊದಲು ಯಾವ ಡಿಸೈನರೂ ಇರಲಿಲ್ಲ. ಗಾಳಿ, ಮರಳು, ಕುರಿ, ಅಷ್ಟೇ. ಕುರಿಗಳು ಗಾಳಿಗೆ ಮರೆಯಾಗಿ ಮಲಗಿ ಮಲಗಿ ಆದ ತಗ್ಗುಗಳೇ ಬಂಕರ್, ಅಂದರೆ ಆಟದ ಮರಳುಗುಂಡಿ, ಆದವು ಅಂತ ಹೇಳುತ್ತಾರೆ. ಅಂದರೆ ಈ ಆಟದ ಮೊದಲ ಇಂಜಿನಿಯರ್ ಕುರಿ. ನಮ್ಮ ಗೇಟಿನ ಬೋರ್ಡು ಆ ಇಂಜಿನಿಯರನ್ನೇ ಹೊರಗೆ ನಿಲ್ಲಿಸಿದೆ.

ಗಾಲ್ಫ್ ಆಟಗಾರ ಟೈಗರ್ ವುಡ್ಸ್ ಕಥೆ ಗೊತ್ತಲ್ವಾ? 1999ರ ಫೀನಿಕ್ಸ್ ಓಪನ್ ಪಂದ್ಯಾವಳಿ. ಚೆಂಡಿನ ಮುಂದೆ ದೊಡ್ಡ ಬಂಡೆ. ನೆಲದಲ್ಲಿ ಗಟ್ಟಿಯಾಗಿ ಹೂತಿಲ್ಲ, ಆದ್ದರಿಂದ ಅದು ಸುಮ್ನೆ ಬಿದ್ದಿರುವ ಕಡ್ಡಿ ಎಲೆಯ ಲೆಕ್ಕಕ್ಕೇ ಬರುತ್ತದೆ, ಸರಿಸಬಹುದು ಅಂತ ರೆಫರಿ ತೀರ್ಪು ಕೊಟ್ಟರು. ಪ್ರೇಕ್ಷಕರೇ ಸೇರಿ ಐಸಾ ಅಂತ ಉರುಳಿಸಿದರು. ನಮ್ಮ ಲೇಔಟಿನವರಿಗೆ ಈ ನಿಯಮ ಯಾರೋ ಅರ್ಧಂಬರ್ಧ ಹೇಳಿರಬೇಕು. ಇವರು ಇಡೀ ಮಡ್ಡಿಯನ್ನೇ ಕಡ್ಡಿ ಎಲೆ ಅಂತ ತಿಳಿದುಬಿಟ್ಟಿದ್ದಾರೆ.

"ಕುಳಿ ಎಷ್ಟದಾವು?" ಅಂತ ಕೇಳಿದೆ.

"ಒಂದ ರೀ ಸರ್."

ಒಂದೇ. ನಾಲ್ಕೂಕಾಲು ಇಂಚು ಅಗಲದ ಆ ಕುಳಿಯ ಸುತ್ತ ಪ್ಲಾಸ್ಟಿಕ್ ಹುಲ್ಲು. ನಿಜವಾದ ಹುಲ್ಲಿಗೆ ದಿನಾ ನೀರು ಬೇಕು, ನಮ್ಮ ಓಣಿಗೆ ನಲ್ಲಿ ನೀರು ಬಂದು ಇವತ್ತಿಗೆ ಆರು ದಿನ, ಹಾಗಾಗಿ ಪ್ಲಾಸ್ಟಿಕ್ಕಿಗೆ ನನ್ನ ತಕರಾರಿಲ್ಲ. ತಕರಾರು ಇಳಿಜಾರಿನ ಮೇಲೆ. ಹುಡುಗ ಕೈಗೆ ಕೋಲು ಕೊಟ್ಟ, ಹೊಡೆದೆ. ಚೆಂಡು ಕುಳಿಯ ಪಕ್ಕಕ್ಕೆ ಹೋಗಿ, ಸ್ವಲ್ಪ ಯೋಚನೆ ಮಾಡಿ, ತಿರುಗಿ, ಸೀದಾ ಗಟಾರದ ಚೇಂಬರಿಗೆ ಬಿತ್ತು. ಮಾವ ಹೊಡೆದರೂ ಅಲ್ಲಿಗೇ. ಮುಚ್ಚಳ ಇನ್ನೂ ಬಂದಿಲ್ಲವಂತೆ.

ಸೇಂಟ್ ಆಂಡ್ರ್ಯೂಸಿನ ಕೊನೆಯ ಕುಳಿಯ ಮುಂದೆ ಒಂದು ತಗ್ಗಿದೆ, ಅದಕ್ಕೆ ಪಾಪದ ಕಣಿವೆ ಅಂತ ಹೆಸರು. ನಮ್ಮಲ್ಲಿ ಅದು 42ನೇ ನಂಬರಿನ ಪ್ಲಾಟು. ಕಟ್ಟಿಸಿದ ದಿಬ್ಬದ ನೀರೆಲ್ಲ ಬಂದು ಅಲ್ಲೇ ನಿಲ್ಲುತ್ತದೆ. ಮೊನ್ನೆಯ ಮಳೆಯದ್ದು ಇನ್ನೂ ನಿಂತಿತ್ತು, ಕಪ್ಪೆ ಬೇರೆ ಕೂಗುತ್ತಿತ್ತು. ಹುಡುಗ ನಾಚಲೇ ಇಲ್ಲ: "ಇದು ವಾಟರ್ ಫೇಸಿಂಗ್ ರೀ, ರೇಟ್ ಸ್ವಲ್ಪ ಜಾಸ್ತಿ."

ಮಾವನಿಗೆ ಅಷ್ಟರಲ್ಲಿ ಸಾಕಾಗಿತ್ತು. ಆದರೂ ಹಳೇ ಮನುಷ್ಯ, ವ್ಯವಹಾರ ಪೂರ್ತಿ ಕೇಳದೆ ಏಳುವುದಿಲ್ಲ. ಮನೆ ಕಟ್ಟಿದರೆ ಫೌಂಡೇಶನ್ನಿಗೆ ಕಲ್ಲು, ಖಡಿ ಎಲ್ಲಿಂದ ತರೋದು ಅಂತ ಕೇಳಿದ.

"ನಮ್ಮದ ಕ್ರಷರ್ ಐತ್ರಿ ಅಂಕಲ್, ಬ್ರಾಸ್ ಲೆಕ್ಕದಾಗ ಇಲ್ಲಿಗೇ ತಂದು ಹಾಕ್ತೀವಿ. ಗಟ್ಟಿ ಕಲ್ಲು ರೀ. ಇದ ಮಡ್ಡೀದು."